ಉಪ್ಪಿನಕಾಯಿ ಜಾಡಿ ಮತ್ತು ಬೂದಿಗುಡ್ಡ

ಬಳ್ಳಾರಿಯ ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ಇಪ್ಪತ್ತೆಂಟು ವರ್ಷ ಚರಿತ್ರೆ ಪಾಠ ಹೇಳಿದವಳು ನಾನು. ಯುರೋಪಿನ ವೈಜ್ಞಾನಿಕ ಕ್ರಾಂತಿಯ ಪಾಠ ಬಂದಾಗಲೆಲ್ಲ ನನ್ನ ದನಿ ತಾನಾಗಿಯೇ ಏರುತ್ತಿತ್ತು. 1610ರಲ್ಲಿ ಗೆಲಿಲಿಯೋ ದುರ್ಬೀನಿಗೆ ಕಣ್ಣಿಟ್ಟು ಗುರುಗ್ರಹದ ಸುತ್ತ ನಾಲ್ಕು ಚಂದ್ರರನ್ನು ಕಂಡದ್ದು, ಭೂಮಿಯೇ ಸೂರ್ಯನನ್ನು ಸುತ್ತುತ್ತದೆ ಎಂದದ್ದಕ್ಕೆ 1633ರಲ್ಲಿ ಆ ಮುದುಕ ಧರ್ಮಪೀಠದ ಮುಂದೆ ಮಂಡಿಯೂರಿ ತನ್ನ ಮಾತನ್ನು ಹಿಂದಕ್ಕೆ ತೆಗೆದುಕೊಂಡದ್ದು, ಇದನ್ನೆಲ್ಲ ಹೇಳುವಾಗ ನನ್ನ ಕಣ್ಣು ತೇವವಾಗುತ್ತಿತ್ತು. ಲಂಡನ್ನಿನಲ್ಲಿ 1660ರಲ್ಲಿ ಹುಟ್ಟಿದ ರಾಯಲ್ ಸೊಸೈಟಿಯ ಧ್ಯೇಯವಾಕ್ಯವನ್ನು ಕರಿಹಲಗೆಯ ಮೇಲೆ ದೊಡ್ಡದಾಗಿ ಬರೆಯುತ್ತಿದ್ದೆ. ಯಾರೋ ಹೇಳಿದರು ಎಂದು ನಂಬಬೇಡ, ನೋಡಿ ನಂಬು ಎಂದು ಅದರ ತಾತ್ಪರ್ಯ. ಹುಡುಗಿಯರು ಅದನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಿದ್ದರು. ನಾನು ಹೇಳಿದೆ ಎಂದು!

ಇಷ್ಟು ಹೇಳಿ ಮನೆಗೆ ಬಂದರೆ, ತಿಂಗಳಲ್ಲಿ ಮೂರು ದಿನ ನಾನು ಹಿತ್ತಿಲ ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು ಕೂಡುವವಳು. ಹತ್ತು ಗಂಟೆಗೆ ಗೆಲಿಲಿಯೋನ ಪಕ್ಷ, ಐದು ಗಂಟೆಗೆ ಅತ್ತೆಯವರ ಪಕ್ಷ. ನಗಬೇಡಿ. ಈ ಪುಟ ಓದುವವರಲ್ಲಿ ಎಷ್ಟು ಜನ ಆ ಚಾಪೆಯ ಮೇಲೆ ಕೂತು ಪರೀಕ್ಷೆಗೆ ಓದಿಲ್ಲ, ಉತ್ತರಪತ್ರಿಕೆ ತಿದ್ದಿಲ್ಲ, ಹೇಳಿ!

ನಮ್ಮ ಅತ್ತೆ ಕೆಟ್ಟವರಲ್ಲ. ಕುರುಗೋಡಿನ ಒಕ್ಕಲು ಮನೆತನದಲ್ಲಿ ಹುಟ್ಟಿ, ಹದಿನಾಲ್ಕನೆಯ ವಯಸ್ಸಿಗೆ ಬಳ್ಳಾರಿಯ ಈ ಮನೆಗೆ ಬಂದವರು. ನಾನು ನೌಕರಿಗೆ ಹೋಗುವುದಕ್ಕೆ ಮಾವನವರು ಬೇಡ ಎಂದಾಗ, "ಹೋಗಲಿ ಬಿಡ್ರಿ, ಮಕ್ಕಳನ್ನ ನಾ ನೋಡ್ಕೋತೀನಿ" ಎಂದವರು ಅವರೇ. ಆದರೆ ಉಪ್ಪಿನಕಾಯಿಯ ವಿಷಯದಲ್ಲಿ ಮಾತ್ರ ಅವರದು ಕಲ್ಲಿನಂಥ ಮಾತು. ಮುಟ್ಟಾದವಳ ಕೈ ತಾಗಿದರೆ ಜಾಡಿ ಬೂಸಲು ಹಿಡಿಯುತ್ತದೆ, ನೆರಳು ಬಿದ್ದರೂ ಕೆಡುತ್ತದೆ. ಪ್ರತಿ ಬೇಸಿಗೆಯಲ್ಲೂ ನೂರಾರು ಮಾವಿನಕಾಯಿ ಹೆಚ್ಚಿ, ಬಿಸಿಲಿಗೆ ಒಣಗಿಸಿದ ಜಾಡಿಗಳಲ್ಲಿ ಉಪ್ಪು, ಖಾರ, ಸಾಸಿವೆ ಪುಡಿ ಬೆರೆಸಿ, ಎಣ್ಣೆ ತೇಲುವಂತೆ ಹಾಕಿ, ಬಾಯಿಗೆ ಬಿಳಿ ಬಟ್ಟೆ ಕಟ್ಟಿ ಅಟ್ಟಕ್ಕೇರಿಸುತ್ತಿದ್ದರು. ಆ ಕೆಲಸದ ದಿನ ನಿಗದಿಯಾಗುವ ಮೊದಲು ಮನೆಯ ಹೆಂಗಸರೆಲ್ಲರ ತಾರೀಖು ವಿಚಾರಣೆಯಾಗುತ್ತಿತ್ತು.

1996ರ ಬೇಸಿಗೆಯಲ್ಲಿ ನನ್ನ ಮಗಳಿಗೆ ಹದಿನಾಲ್ಕು. ರಜೆಯಲ್ಲಿ ಬೇಸರ ಕಳೆಯಲು ನನ್ನ ಪುಸ್ತಕಗಳನ್ನು ತಿರುವಿಹಾಕುತ್ತಿದ್ದವಳು ಒಂದು ಮಧ್ಯಾಹ್ನ, "ಅಮ್ಮಾ, ರೆಡಿ ಅಂದ್ರೆ ಯಾರು?" ಎಂದು ಕೇಳಿದಳು. ನನಗೆ ಉತ್ಸಾಹ ಬಂತು. ಫ್ರಾನ್ಸಿಸ್ಕೋ ರೆಡಿ ಇಟಲಿಯ ಒಬ್ಬ ವೈದ್ಯ. ಕೊಳೆತ ಮಾಂಸದಿಂದ ಹುಳ ತಾವಾಗಿಯೇ ಹುಟ್ಟುತ್ತವೆ ಎಂದು ಅರಿಸ್ಟಾಟಲನ ಕಾಲದಿಂದ ಎರಡು ಸಾವಿರ ವರ್ಷ ಎಲ್ಲರೂ ನಂಬಿದ್ದರು. ರೆಡಿ ಏನು ಮಾಡಿದ? ಪಾತ್ರೆಗಳಲ್ಲಿ ಮಾಂಸವಿಟ್ಟು ಕೆಲವನ್ನು ತೆರೆದಿಟ್ಟ, ಕೆಲವನ್ನು ಮುಚ್ಚಿದ. ಗಾಳಿಯಾಡದೆ ಹುಳ ಹುಟ್ಟಲಿಲ್ಲ ಎಂದು ಯಾರಾದರೂ ತಕರಾರು ತೆಗೆದಾರೆಂದು ಇನ್ನು ಕೆಲವಕ್ಕೆ ತೆಳುವಾದ ಬಟ್ಟೆ ಕಟ್ಟಿದ. ನೊಣ ಕೂತ ಪಾತ್ರೆಯಲ್ಲಿ ಹುಳ, ನೊಣಕ್ಕೆ ದಾರಿಯಿಲ್ಲದ ಪಾತ್ರೆಯಲ್ಲಿ ಹುಳವಿಲ್ಲ. 1668ರಲ್ಲಿ ಪುಸ್ತಕ ಬರೆದು ಪ್ರಕಟಿಸಿದ. "ಒಂದೇ ಒಂದು ವಿಷಯ ಬೇರೆಯಿರಬೇಕು, ಉಳಿದದ್ದೆಲ್ಲ ಒಂದೇ ಇರಬೇಕು. ಪ್ರಯೋಗ ಅಂದರೆ ಅಷ್ಟೇ" ಎಂದು ಮೇಷ್ಟರಗಿತ್ತಿಯ ಗತ್ತಿನಲ್ಲಿ ಹೇಳಿದೆ. "ಬಾಯಿಗೆ ಬಟ್ಟೆ ಕಟ್ಟಿದ ಪಾತ್ರೆ, ಅಂದ್ರೆ ಅಜ್ಜಿ ಜಾಡಿ ಇದ್ದಂಗೆ" ಎಂದಳು ಮಗಳು. ನಾನು ನಕ್ಕು ಸುಮ್ಮನಾದೆ.

ಎರಡು ವಾರ ಕಳೆದಿರಬೇಕು. ಅಟ್ಟದ ಏಣಿ ಸರಿದಿದ್ದನ್ನು ಕಂಡು ಹತ್ತಿ ನೋಡಿದರೆ, ಒಂದೇ ಅಳತೆಯ ಎರಡು ಸಣ್ಣ ಜಾಡಿಗಳು. ಒಂದರ ಕುತ್ತಿಗೆಗೆ ಕೆಂಪು ದಾರ, ಇನ್ನೊಂದಕ್ಕೆ ಬಿಳಿ ದಾರ. ಅಂದು ಮಗಳು ಹೊರಗೆ ಕೂತ ಮೂರನೆಯ ದಿನ. ನನಗೆ ಎಲ್ಲವೂ ಅರ್ಥವಾಯಿತು. ಕೇಳಿದರೆ ಒಪ್ಪಿಕೊಂಡಳು. ಮೂರು ದಿನವೂ ಕೈ ತೊಳೆದು ಒರೆಸಿಕೊಂಡು ಕೆಂಪು ದಾರದ ಜಾಡಿಯನ್ನು ಕೈಯಿಂದಲೇ ಕಲಸಿದ್ದಳು. ಮುಂದಿನ ವಾರ ಬಿಳಿ ದಾರದ್ದನ್ನು ಹಾಗೆಯೇ ಮೂರು ದಿನ ಕಲಸುವವಳಿದ್ದಳು. "ಅದೇ ಕೈ, ಅದೇ ಸೋಪು, ಒಂದೇ ವಿಷಯ ಬೇರೆ. ನೀನೇ ಹೇಳಿದ್ದಲ್ಲ?"

ನಾನು ಬೈಯಬೇಕಿತ್ತು, ಇಲ್ಲವೇ ಬೆನ್ನು ತಟ್ಟಬೇಕಿತ್ತು. ಎರಡನ್ನೂ ಮಾಡಲಿಲ್ಲ. ಏಣಿಯನ್ನು ಮೊದಲಿದ್ದ ಜಾಗದಲ್ಲಿಟ್ಟೆ. ಹತ್ತಾರು ವರ್ಷ ನಾನು ಮಾಡದೆ ಬಿಟ್ಟ ಕೆಲಸವನ್ನು ಈ ಹುಡುಗಿ ಮಾಡುತ್ತಿದ್ದಾಳೆ ಎಂಬ ಸಂತೋಷ ಒಳಗೆ ಇತ್ತೆಂಬುದು ನಿಜ. ಆದರೆ ಆ ಸಂತೋಷ ಅವಳ ಹೆಗಲ ಮೇಲೆ ನಿಂತಿತ್ತು. ಬೈಗಳು ಬಂದರೆ ಅವಳಿಗೆ, ಫಲ ಬಂದರೆ ನನಗೆ.

ಮಳೆಗಾಲ ಕಳೆಯಿತು. ಜಾಡಿಗಳೆರಡೂ ಚೆನ್ನಾಗಿದ್ದವು. ದೀಪಾವಳಿಯ ಊಟಕ್ಕೆ ಮಗಳು ಕೆಂಪು ದಾರದ ಜಾಡಿಯನ್ನು ಇಳಿಸಿ ತಂದು ಅಜ್ಜಿಗೆ ಬಡಿಸಿದಳು. ಅತ್ತೆ ಚಪ್ಪರಿಸಿ ತಿಂದು, "ಈ ವರ್ಷದ್ದು ಭಾಳ ಛಲೋ ಆಗೈತಿ" ಎಂದರು. ಮಗಳಿಗೆ ತಡೆಯಲಾಗಲಿಲ್ಲ. ನಗುತ್ತಾ ಎಲ್ಲವನ್ನೂ ಹೇಳಿಬಿಟ್ಟಳು.

ಅತ್ತೆ ಒಂದು ಮಾತೂ ಆಡಲಿಲ್ಲ. ತಟ್ಟೆ ಸರಿಸಿ ಎದ್ದು, ಹಿತ್ತಿಲಿಗೆ ಹೋಗಿ ತಲೆಯ ಮೇಲೆ ನೀರು ಸುರಿದುಕೊಂಡರು. ಅಂದಿನಿಂದ ತಮ್ಮ ಅಡಿಗೆಯನ್ನು ತಾವೇ ಬೇರೆ ಒಲೆಯಲ್ಲಿ ಮಾಡಿಕೊಳ್ಳತೊಡಗಿದರು. ಮೊಮ್ಮಗಳ ಹತ್ತಿರ ಮಾತು ನಿಂತಿತು. ನನ್ನ ಹತ್ತಿರ ಬೇಕಾದಷ್ಟೇ ಮಾತು. ಒಂದು ದಿನ ಮಾತ್ರ ಒಲೆಯ ಕಡೆಗೆ ಮುಖ ಮಾಡಿಕೊಂಡೇ, "ನಿನಗ ಮೊದಲ ಗೊತ್ತಿತ್ತಲ್ಲ" ಎಂದರು. ಗೊತ್ತಿತ್ತು.

ಆ ಎರಡು ತಿಂಗಳು ನಾನು ನನ್ನೊಳಗೇ ವಾದ ಮಾಡಿದೆ. ಮಗಳ ಪ್ರಯೋಗದಲ್ಲಿ ತಪ್ಪಿರಲಿಲ್ಲ, ಫಲಿತಾಂಶದಲ್ಲೂ ತಪ್ಪಿರಲಿಲ್ಲ. ಹಾಗಾದರೆ ಅತ್ತೆಯ ಕಣ್ಣಿನಲ್ಲಿದ್ದ ನೋವು ಎಲ್ಲಿಂದ ಬಂತು? ಮೂಢನಂಬಿಕೆ ಬಿದ್ದುಹೋದ ನೋವು ಎಂದುಕೊಂಡರೆ ನನ್ನ ಮನಸ್ಸಿಗೆ ಸಮಾಧಾನ. ಆದರೆ ಅದು ನಿಜವಾಗಿರಲಿಲ್ಲ. ರೆಡಿಯ ಪಾತ್ರೆಯಲ್ಲಿದ್ದದ್ದು ಮಾಂಸ. ನಮ್ಮ ಪಾತ್ರೆಯಲ್ಲಿ ಒಬ್ಬ ಮುದುಕಿಯನ್ನು ಇಟ್ಟಿದ್ದೆವು, ಅವರಿಗೆ ತಿಳಿಸದೆ. ಒಂದು ನಂಬಿಕೆಯನ್ನು ಪರೀಕ್ಷಿಸುವುದು ಬೇರೆ, ನಂಬಿದವರನ್ನು ಬೇಸ್ತು ಬೀಳಿಸುವುದು ಬೇರೆ. ಸತ್ಯ ನಮ್ಮ ಕಡೆಗಿದೆ ಎಂದ ಮಾತ್ರಕ್ಕೆ ಮೋಸವೂ ನಮ್ಮ ಹಕ್ಕಾಗುತ್ತದೆಯೇ? ಕರಿಹಲಗೆಯ ಮೇಲೆ ಈ ಪ್ರಶ್ನೆಯನ್ನು ನಾನು ಎಂದೂ ಬರೆದಿರಲಿಲ್ಲ.

1997ರ ಜನವರಿಯಲ್ಲಿ ಹೊಸಪೇಟೆಯ ಬಂಧುಗಳ ಮನೆಯಲ್ಲಿ ತೊಟ್ಟಿಲ ಕಾರ್ಯಕ್ರಮ. ಬಾಡಿಗೆ ಕಾರಿನಲ್ಲಿ ಮಗಳು ಒಂದು ಕಿಟಕಿಗೆ, ಅತ್ತೆ ಇನ್ನೊಂದು ಕಿಟಕಿಗೆ, ನಡುವೆ ಗೋಡೆಯಂತೆ ನಾನು. ಕುಡತಿನಿಯ ಹತ್ತಿರ ಟೈರು ಪಂಕ್ಚರಾಯಿತು. ಬಳ್ಳಾರಿ–ಹೊಸಪೇಟೆ ರಸ್ತೆಯಲ್ಲಿ ಓಡಾಡಿದವರಿಗೆ ಗೊತ್ತು, ಅಲ್ಲಿ ಒಂದು ಬೂದಿಗುಡ್ಡವಿದೆ. ದೂರದಿಂದ ಸಾಮಾನ್ಯ ದಿಬ್ಬ. ಹತ್ತಿರ ಹೋಗಿ ಕೆದಕಿದರೆ ಬೂದುಬಣ್ಣದ ಮೆತ್ತನೆಯ ಬೂದಿ, ಅದರ ನಡುವೆ ಕರಗಿ ಗಾಜಿನಂತಾಗಿ ಗುಳ್ಳೆಗುಳ್ಳೆ ಕಟ್ಟಿದ ಕಿಟ್ಟದ ಹೆಂಟೆಗಳು.

ಡ್ರೈವರ್ ಟೈರು ಬಿಚ್ಚುತ್ತಿದ್ದಾಗ ಅತ್ತೆ ತಮಗೆ ತಾವೇ ಎಂಬಂತೆ ಮಾತಾಡಿದರು. ಚಿಕ್ಕವರಿದ್ದಾಗ ಬಂಡಿಯಲ್ಲಿ ಈ ದಾರಿಯಲ್ಲಿ ಬಂದಾಗ ಅವರ ಅಪ್ಪ ಹೇಳಿದ್ದರಂತೆ. ಇದು ಭೀಮ ಕೊಂದ ರಾಕ್ಷಸನನ್ನು ಸುಟ್ಟ ಬೂದಿ, ಅದಕ್ಕೇ ಇಷ್ಟು ದೊಡ್ಡದು ಎಂದು. ಮಗಳು ಬಾಯಿ ತೆರೆಯುವಷ್ಟರಲ್ಲಿ ನಾನು ಅವಳ ಕೈ ಅದುಮಿ, ನನಗೆ ಗೊತ್ತಿದ್ದ ಕತೆಯನ್ನು ಹೇಳತೊಡಗಿದೆ. ಈ ಸಲ ಯಾರನ್ನೂ ಗೆಲ್ಲುವುದಕ್ಕಲ್ಲ, ಮೌನ ಮುರಿಯುವುದಕ್ಕೆ.

ಮದರಾಸು ಸೈನ್ಯದಲ್ಲಿದ್ದ ನ್ಯೂಬೋಲ್ಡ್ ಎಂಬ ಅಧಿಕಾರಿ 1836ರಲ್ಲಿ ಈ ಸೀಮೆಯ ಕಿಟ್ಟದ ಬಗ್ಗೆ ಬರೆದಾಗ ಅದನ್ನು ಜ್ವಾಲಾಮುಖಿಯದೆಂದು ಕರೆದ. ಏಳು ವರ್ಷದ ನಂತರ, 1843ರಲ್ಲಿ, ಪ್ರಾಚೀನ ಬೂದಿದಿಬ್ಬಗಳೆಂದು ಮತ್ತೆ ಬರೆದ. ಊರವರನ್ನು ಕೇಳಿದ್ದ, ಅವರು ಹಿಡಿಂಬಾಸುರನ ಕತೆ ಹೇಳಿದ್ದರು. ಅದನ್ನೂ ಬರೆದಿಟ್ಟ. ಭೂಗರ್ಭ ಇಲಾಖೆಯ ರಾಬರ್ಟ್ ಬ್ರೂಸ್ ಫುಟ್ 1872ರಲ್ಲಿ ಇದೇ ಬಳ್ಳಾರಿಯ ಹತ್ತಿರ ಸಂಗನಕಲ್ಲು–ಕುಪ್ಪಗಲ್ಲು ಗುಡ್ಡದಲ್ಲಿ ಹೊಸ ಶಿಲಾಯುಗದ ಜನ ಕಲ್ಲಿನ ಕೊಡಲಿ ತಯಾರಿಸುತ್ತಿದ್ದ ಜಾಗವನ್ನು ಕಂಡುಹಿಡಿದ. ಬೂದಿ ದನದ ಸಗಣಿಯದು ಎಂಬ ಕಡೆಗೆ ಅವನ ಮನಸ್ಸು ವಾಲಿತ್ತು. ಆದರೆ ಎಲ್ಲರೂ ಒಪ್ಪಲಿಲ್ಲ. 1899ರಲ್ಲಿ ಸಿವೆಲ್ ಇದನ್ನು ವಿಜಯನಗರದ ಕಾಲಕ್ಕೆ ಜೋಡಿಸಿದ. ಮುಂದೆ, ಕಬ್ಬಿಣ ಕರಗಿಸಿದ ಕುಲುಮೆಯ ಕಿಟ್ಟ ಎಂದವರೂ ಇದ್ದರು.

ನಾನು ಉತ್ತರಕ್ಕೆ ಬರುವ ಮೊದಲೇ ಅತ್ತೆ ಬಗ್ಗಿ ಒಂದು ಹೆಂಟೆಯನ್ನು ಎತ್ತಿಕೊಂಡಿದ್ದರು. ಅಂಗೈಯಲ್ಲಿ ಹೊರಳಿಸಿದರು, ಉಗುರಿನಿಂದ ಗೀರಿದರು. "ಇದು ಕಬ್ಬಿಣ ಅಲ್ಲ, ತೂಕನ ಇಲ್ಲ. ನಮ್ಮ ಅಪ್ಪನ ಮನಿಯಾಗ ಒಮ್ಮೆ ಕುಳ್ಳಿನ ಬಣಮಿಗೆ ಬೆಂಕಿ ಬಿದ್ದಿತ್ತು. ಮ್ಯಾಲೆ ಆರಿದಂಗ ಕಾಣತಿತ್ತು, ಒಳಗ ಎಂಟು ದಿನ ಉರೀತು. ಕೆದರಿದರ ನಡುವ ಹಿಂಗ ಹೆಂಟಿ ಕಟ್ಟಿತ್ತು. ಇದು ಸಗಣಿ ಬೂದಿ."

ನಾನು ಮಾತು ಮರೆತು ನಿಂತೆ. ಬಂಡಿಯಲ್ಲಿ ಕೂತು ಕೇಳಿದ ರಾಕ್ಷಸನ ಕತೆಯನ್ನು ಅರವತ್ತು ವರ್ಷ ನಂಬಿಕೊಂಡು ಬಂದ ಹೆಂಗಸು, ವಸ್ತು ಕೈಗೆ ಬಂದ ಗಳಿಗೆಯಲ್ಲಿ ಕತೆಯನ್ನು ಬದಿಗಿಟ್ಟು ಕೈಯ ಮಾತನ್ನು ಕೇಳಿದ್ದರು. ಅಷ್ಟು ಕಾಲ ಆ ಹೆಂಟೆಯನ್ನು ಯಾರೂ ಅವರ ಕೈಗೆ ಕೊಟ್ಟಿರಲಿಲ್ಲ. ಅವರೂ ಎತ್ತಿಕೊಂಡಿರಲಿಲ್ಲ.

ಉಳಿದದ್ದನ್ನು ಹೇಳಿದೆ. 1957ರಲ್ಲಿ ರೇಮಂಡ್ ಆಲ್ಚಿನ್ ಎಂಬ ಪುರಾತತ್ತ್ವಜ್ಞ ಇಂದಿನ ತೆಲಂಗಾಣಕ್ಕೆ ಸೇರಿದ ಉತ್ನೂರಿನಲ್ಲಿ ಇಂಥದೇ ದಿಬ್ಬವನ್ನು ಅಗೆದಾಗ ಬೂದಿಯ ಪದರಗಳ ನಡುವೆ ದನಗಳ ಗೊರಸಿನ ಗುರುತುಗಳು ಸಿಕ್ಕವು. ಸುತ್ತ ಬೇಲಿಯ ಗೂಟಗಳನ್ನು ನೆಟ್ಟಿದ್ದ ಕುಳಿಗಳು ಸಿಕ್ಕವು. ಝಾಯ್ನರ್ ಎಂಬ ವಿಜ್ಞಾನಿ ಬಳ್ಳಾರಿ ಜಿಲ್ಲೆಯ ಬೂದಿಯನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ ಸಗಣಿಯೇ ಎಂದು ತೋರಿಸಿದ. ಹುಲ್ಲಿನಲ್ಲಿ ಮರಳಿನ ಸತ್ವವಿದೆ, ದನ ತಿಂದ ಮೇಲೆ ಅದು ಸಗಣಿಯಲ್ಲಿ ಉಳಿಯುತ್ತದೆ, ಬೆಂಕಿ ತೀರಾ ಜೋರಾದರೆ ಕರಗಿ ಗಾಜಿನಂತಾಗುತ್ತದೆ. ನಾಲ್ಕೈದು ಸಾವಿರ ವರ್ಷದ ಹಿಂದೆ ಇಲ್ಲಿ ದನ ಕಾಯುತ್ತಿದ್ದ ಜನ ದೊಡ್ಡಿಯಲ್ಲಿ ರಾಶಿಬಿದ್ದ ಸಗಣಿಗೆ ಆಗಾಗ ಬೆಂಕಿ ಕೊಡುತ್ತಿದ್ದರು. ಸಂಕ್ರಾಂತಿಗೆ ದನಗಳನ್ನು ಕಿಚ್ಚು ಹಾಯಿಸುವಂಥ ಹಬ್ಬಗಳಲ್ಲಿ ಅದರ ನೆನಪು ಉಳಿದಿರಬಹುದು ಎಂದು ಆಲ್ಚಿನ್ ತನ್ನ 1963ರ ಪುಸ್ತಕದಲ್ಲಿ ಯೋಚಿಸಿದ್ದಾನೆ.

ಅತ್ತೆ ಎಲ್ಲವನ್ನೂ ಕೇಳಿ, "ಅಷ್ಟು ವರ್ಷ ಬೇಕಾತೇನು? ನಿಮ್ಮ ಸಾಹೇಬರು ಕುಳ್ಳು ತಟ್ಟೋರನ್ನ ಯಾರನ್ನರ ಕೇಳಿದ್ರೇನು?" ಎಂದರು. ಮಗಳು ಗೊಳ್ಳೆಂದು ನಕ್ಕಳು. ಎರಡು ತಿಂಗಳ ನಂತರ ಅಜ್ಜಿಯೂ ಅವಳ ಜೊತೆ ನಕ್ಕರು.

ಆ ಪ್ರಶ್ನೆ ನನ್ನನ್ನು ಇಂದಿಗೂ ಬಿಟ್ಟಿಲ್ಲ. ನ್ಯೂಬೋಲ್ಡ್ ಊರವರನ್ನು ಕೇಳಿದ್ದು ನಿಜ. ಆದರೆ ಕತೆ ಕೇಳಿದ; ದಿನಾ ಸಗಣಿಯಲ್ಲಿ ಕೈಯಾಡಿಸುವವರ ಕೈಗೆ ಹೆಂಟೆಯನ್ನು ಕೊಟ್ಟು ಏನಿದು ಎಂದು ಕೇಳಿದನೋ? ಹಾಗೆಂದು ಅತ್ತೆಯ ಮಾತೇ ವಿಜ್ಞಾನ ಎಂದು ನಾನು ಹೇಳಲಾರೆ. ಅದೂ ಊಹೆಯೇ. ಅದನ್ನು ತೂಗಿ ನೋಡಲು ಗೊರಸಿನ ಗುರುತು ಬೇಕಾಯಿತು, ಪ್ರಯೋಗಾಲಯ ಬೇಕಾಯಿತು. ಆ ಸಾಹೇಬರುಗಳ ದೊಡ್ಡತನ ಅವರು ತಪ್ಪು ಮಾಡಲಿಲ್ಲ ಎಂಬುದರಲ್ಲಿ ಇಲ್ಲ, ಧಾರಾಳವಾಗಿ ಮಾಡಿದರು. ಆದರೆ ತಮ್ಮ ಅಭಿಪ್ರಾಯವನ್ನು ನಾಲ್ಕು ಜನ ಓದುವಂತೆ ಬರೆದಿಟ್ಟರು. ನಂತರ ಬಂದವನು ಇದು ಸರಿಯಲ್ಲ ಎನ್ನಬಹುದಿತ್ತು, ಎಂದರೆ ಅವನನ್ನು ಮನೆಯಿಂದ ಹೊರಗೆ ಹಾಕುತ್ತಿರಲಿಲ್ಲ. ನಮ್ಮ ಮನೆಗಳಲ್ಲಿ ಇಲ್ಲದಿರುವುದು ಇದೊಂದೇ. ಬುದ್ಧಿ ಬೇಕಾದಷ್ಟಿದೆ, ತಪ್ಪಾಗಿತ್ತು ಎಂದು ಹೇಳಿ ಮರ್ಯಾದೆಯಿಂದ ಕೂತಿರಲು ಜಾಗವಿಲ್ಲ.

ಜರ್ಮನಿಯ ತತ್ತ್ವಜ್ಞಾನಿ ಕಾಂಟ್ 1784ರಲ್ಲಿ, ಜ್ಞಾನೋದಯ ಎಂದರೇನು ಎಂಬ ಪ್ರಶ್ನೆಗೆ ಪ್ರಬಂಧವೊಂದನ್ನು ಬರೆದ. ಸ್ವಂತ ಬುದ್ಧಿಯನ್ನು ಬಳಸುವ ಧೈರ್ಯ ಮಾಡು ಎಂಬುದು ಅದರ ಸಾರ. ಹೆಣ್ಣುಕುಲವೆಲ್ಲ ಆ ಹೆಜ್ಜೆಗೆ ಹೆದರುತ್ತದೆ, ಹಾಗೆ ಹೆದರುವಂತೆ ನೋಡಿಕೊಂಡವರು ಅವರನ್ನು ಕಾಯುವ ಮಹನೀಯರೇ ಎಂದೂ ಅದರಲ್ಲಿ ಚುಚ್ಚಿದ್ದಾನೆ. ಆದರೆ ಯಾರ ಮಾತನ್ನೂ ನಂಬಬೇಡಿ ಎಂದ ರಾಯಲ್ ಸೊಸೈಟಿ ಹೆಂಗಸರನ್ನು ಸದಸ್ಯರಾಗಿ ಒಳಗೆ ಬಿಟ್ಟದ್ದು 1945ರಲ್ಲಿ, ಹುಟ್ಟಿ 285 ವರ್ಷಗಳ ನಂತರ! ನ್ಯೂಟನ್ನನ ಮಹಾಗ್ರಂಥವನ್ನು ಫ್ರೆಂಚಿಗೆ ತಂದವಳು ಎಮಿಲಿ ದು ಶಾಟಲೆ ಎಂಬ ಹೆಂಗಸು. ಅವಳ ಪೂರ್ಣ ಅನುವಾದ ಅಚ್ಚಾದದ್ದು ಅವಳು ಸತ್ತ ಮೇಲೆ, 1759ರಲ್ಲಿ. ಪಡಸಾಲೆಯಲ್ಲಿ ಚಾಪೆ ಹಾಸಿ ಕೂರಿಸುವುದು ನಮ್ಮ ದೇಶದ್ದೊಂದೇ ರೂಢಿಯಲ್ಲ.

ಆ ವರ್ಷ ಮಾವಿನಕಾಯಿ ಬಂದಾಗ ಅತ್ತೆ ನನ್ನ ಮಗಳನ್ನು ಕರೆದರು. "ಹೋದ ವರ್ಷ ಕಳ್ಳತನದಿಂದ ಮಾಡಿದಿ. ಈ ವರ್ಷ ನನ್ನ ಮುಂದ ಮಾಡು. ನಾ ನೋಡ್ತೀನಿ." ಉಪ್ಪನ್ನು ಅವರೇ ಅಳೆದರು. ಜಾಡಿ ಅವರೇ ಒಣಗಿಸಿದರು. ದಾರ ಕಟ್ಟಿದವರೂ ಅವರೇ. ಲಂಡನ್ನಿನ ಪಂಡಿತರು ಸಾಕ್ಷಿಗಳನ್ನು ಕೂರಿಸಿಕೊಂಡು ಪ್ರಯೋಗ ಮಾಡುತ್ತಿದ್ದರೆಂದು ನಾನು ಇಪ್ಪತ್ತು ವರ್ಷ ಪಾಠ ಹೇಳಿದ್ದೆ. ಅದರ ಅರ್ಥ ತಿಳಿದದ್ದು ಅಂದು, ನಮ್ಮ ಅಡಿಗೆಮನೆಯಲ್ಲಿ. ಸಾಕ್ಷಿ ಬೇಕಾಗುವುದು ಸತ್ಯಕ್ಕೆ ಮಾತ್ರವಲ್ಲ, ನೋಡುವವರ ಮರ್ಯಾದೆಗೂ ಬೇಕು.

ದೀಪಾವಳಿಗೆ ಅತ್ತೆ ಎರಡೂ ಜಾಡಿಗಳನ್ನು ಬಿಚ್ಚಿದರು. ಮೂಸಿದರು, ರುಚಿ ನೋಡಿದರು. ಕೆಂಪು ದಾರದ್ದು ಚೆನ್ನಾಗಿತ್ತು, ಬಿಳಿಯದೂ ಚೆನ್ನಾಗಿತ್ತು. ತುಂಬಾ ಹೊತ್ತು ಸುಮ್ಮನೆ ಕೂತಿದ್ದರು. ಆಮೇಲೆ ಎಣಿಸುವವರಂತೆ ನಿಧಾನಕ್ಕೆ, "ತಿಂಗಳಿಗೆ ಮೂರು ದಿನ. ಮೂವತ್ತೈದು ವರ್ಷ" ಎಂದರು. ನನ್ನ ಮಗಳು ಜಾಣೆ, ಲೆಕ್ಕದಲ್ಲಿ ಚುರುಕು. ಆದರೆ ಆ ಗುಣಾಕಾರವನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ. ಅವಳು ಬೆಳೆದಿದ್ದಾಳೆ ಎಂದು ನನಗೆ ಆಗ ಅನ್ನಿಸಿತು.

ಅದಾದ ಮೇಲೆ ಅತ್ತೆ ನಮ್ಮನ್ನು ಹೊರಗೆ ಕೂರಿಸಲಿಲ್ಲ. ದೇವರ ಮನೆಯ ನೇಮವನ್ನು ಮಾತ್ರ ಬಿಡಲಿಲ್ಲ, ನಾನು ವಾದಿಸಲಿಲ್ಲ. ದೇವರನ್ನು ಜಾಡಿಯಲ್ಲಿಟ್ಟು ನೋಡಲಾಗುವುದಿಲ್ಲವಲ್ಲ! ನನ್ನ ಈ ಮೌನ ಗೌರವವೋ, ಹಳೆಯ ಹೇಡಿತನವೋ, ಸರಿಯಾಗಿ ಹೇಳಲಾರೆ.

ಅವರು 2006ರಲ್ಲಿ ತೀರಿಕೊಂಡರು. ಕುಡತಿನಿಯಲ್ಲಿ ಈಗ ದೊಡ್ಡ ವಿದ್ಯುತ್ ಸ್ಥಾವರವಿದೆ, ಕಲ್ಲಿದ್ದಲು ಸುಟ್ಟು ಹೊಸ ಬೂದಿ ಮಾಡುತ್ತಿದೆ. ಬಳ್ಳಾರಿಯಲ್ಲಿ ರಾಬರ್ಟ್ ಬ್ರೂಸ್ ಫುಟ್ ಹೆಸರಿನ ಪುರಾತತ್ತ್ವ ವಸ್ತುಸಂಗ್ರಹಾಲಯವಾಗಿದೆ. ಫುಟ್ ಸಾಹೇಬರಿಗೆ ಅದು ಸಲ್ಲತಕ್ಕದ್ದೇ. ಆದರೂ ಕುಳ್ಳು ತಟ್ಟಿದ ಕೈಗಳಿಗೊಂದು ಫಲಕವಿದ್ದರೆ ಚೆನ್ನಾಗಿತ್ತು ಎಂದು ನನ್ನ ಹುಚ್ಚು ಮನಸ್ಸು ಹೇಳುತ್ತದೆ.

ಮಗಳು ಈಗ ಸಿರುಗುಪ್ಪದಲ್ಲಿದ್ದಾಳೆ. ಅವಳ ಮನೆಗೆ ಉಪ್ಪಿನಕಾಯಿ ಅಂಗಡಿಯಿಂದ ಬರುತ್ತದೆ! ಜಾಡಿಗಳೆರಡೂ ನನ್ನ ಅಟ್ಟದ ಮೇಲೇ ಇವೆ. ಕೆಂಪು ದಾರ ಮಾಸಿ ಬಿಳಿಯ ದಾರದಂತೆಯೇ ಆಗಿದೆ. ಯಾವುದು ಯಾವುದೆಂದು ಈಗ ನನಗೂ ಗುರುತು ಸಿಗುವುದಿಲ್ಲ.